ಅಂಗಳಕ್ಕೆ ಇಂಟರ್‌ಲಾಕೋ, ಕಲ್ಲೋ, ಕಾಂಕ್ರೀಟೋ? ಮೊದಲು ನೀರಿನ ದಾರಿ ನೋಡಿ

ಅಂಗಳಕ್ಕೋ ಹಿತ್ತಲಿಗೋ ಏನಾದರೂ ಹಾಸಿಸಬೇಕು ಅಂದಾಗ ನಾವು ಮೊದಲು ಕೇಳುವುದು ಬಣ್ಣ, ಡಿಸೈನು, ಚದರಡಿ ರೇಟು. ಅಂಗಡಿಯವರೂ ಅದನ್ನೇ ಹೇಳುತ್ತಾರೆ. ಆದರೆ ಹಾಸಿದ ನೆಲ ಕೆಡುವುದು ಹೆಚ್ಚಾಗಿ ಬ್ಲಾಕಿನ ಗುಣದಿಂದ ಅಲ್ಲ, ಕೆಳಗೆ ನಿಂತ ನೀರಿನಿಂದ. ಒಂದು ಮೂಲೆ ಕುಸಿಯುತ್ತದೆ, ಪಾಚಿ ಕಟ್ಟುತ್ತದೆ, ಮನೆಯ ಗೋಡೆ ಬುಡದಲ್ಲಿ ತೇವ ಏರಿ ಬಣ್ಣ ಉದುರುತ್ತದೆ. ಹಾಗಾಗಿ ಈ ಹೋಲಿಕೆಯನ್ನು ನಾನು ನೀರಿನಿಂದಲೇ ಶುರು ಮಾಡುತ್ತೇನೆ. ಈಗ ಮಳೆ ಬಂದರೆ ನೀರು ಎಲ್ಲಿಗೆ ಹೋಗುತ್ತಿದೆ? ಹಾಸಿದ ಮೇಲೆ ಎಲ್ಲಿಗೆ ಹೋಗಬೇಕು? ಇವೆರಡಕ್ಕೆ ಉತ್ತರ ಸಿಕ್ಕರೆ ಯಾವುದನ್ನು ಹಾಸಬೇಕು ಅನ್ನುವುದು ಅರ್ಧ ತೀರ್ಮಾನವಾದ ಹಾಗೆಯೇ.

ಎಷ್ಟು ನೀರಿನ ಮಾತು ಇದು ಅಂತ ಒಂದು ಲೆಕ್ಕ ಹಾಕಿ ನೋಡೋಣ. 20 ಅಡಿ ಉದ್ದ, 15 ಅಡಿ ಅಗಲದ ಅಂಗಳ ಅಂದರೆ 300 ಚದರಡಿ, ಸುಮಾರು 28 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಸಂಜೆ ಒಂದು ಜೋರು ಮಳೆಗೆ 50 ಮಿ.ಮೀ. ಬಂತು ಅಂತಿಟ್ಟುಕೊಳ್ಳಿ, ಆ ಪುಟ್ಟ ಅಂಗಳದ ಮೇಲೆ 1,400 ಲೀಟರ್ ಬಿದ್ದಿರುತ್ತದೆ. ತಾರಸಿಯ ನೀರಿನ ಪೈಪೂ ಅಲ್ಲಿಗೇ ಬಂದು ಬಿಟ್ಟಿದ್ದರೆ, 800 ಚದರಡಿ ತಾರಸಿಯಿಂದ ಇನ್ನೂ 3,700 ಲೀಟರ್. ಮಣ್ಣಿನ ಅಂಗಳ ಇದರಲ್ಲಿ ಒಂದಷ್ಟನ್ನು ಸದ್ದಿಲ್ಲದೆ ಕುಡಿಯುತ್ತಿತ್ತು. ಅದರ ಬಾಯಿ ಮುಚ್ಚಿದರೆ ಅಷ್ಟೂ ನೀರು ಬೇರೆ ದಾರಿ ಹುಡುಕಿಕೊಳ್ಳುತ್ತದೆ, ಅಲ್ವಾ?

ಹಾಸುವ ಮುಂಚಿನ ಪರೀಕ್ಷೆಗಳು

ಮೂರು ಬಗೆಯಲ್ಲಿ ನೋಡಬಹುದು. ಮೂರಕ್ಕೂ ದೊಡ್ಡ ಖರ್ಚಿಲ್ಲ.

ಮೊದಲನೆಯದು ಕಣ್ಣಿನ ನೋಟ. ಮಳೆ ಬರುವಾಗ ಛತ್ರಿ ಹಿಡಿದು ಅಂಗಳದಲ್ಲಿ ನಿಲ್ಲಿ. ಎಲ್ಲಿ ನೀರು ಹರಿಯುತ್ತದೆ, ಎಲ್ಲಿ ಮಡುಗಟ್ಟುತ್ತದೆ, ರಸ್ತೆಯಿಂದ ಒಳಗೆ ಬರುತ್ತದೆಯೇ, ಪಕ್ಕದ ಸೈಟಿನಿಂದ ಕಾಂಪೌಂಡ್ ದಾಟಿ ಬರುತ್ತದೆಯೇ ನೋಡಿ. ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಂಡರೆ ಮೇಸ್ತ್ರಿಗೆ ಬಾಯಲ್ಲಿ ವಿವರಿಸುವ ಕಷ್ಟ ಇರುವುದಿಲ್ಲ. ಬೇಸಿಗೆಯಾದರೆ ಗುರುತುಗಳನ್ನು ಹುಡುಕಬೇಕು. ಕಾಂಪೌಂಡಿನ ಬುಡದಲ್ಲಿ ಹಸಿರು ಗೆರೆ, ಒಂದೇ ಕಡೆ ದಟ್ಟವಾಗಿ ಬೆಳೆದ ಹುಲ್ಲು, ಒಣಗಿದ ಮೇಲೆ ಸಿಪ್ಪೆ ಎದ್ದ ಹಾಗೆ ಬಿರುಕು ಬಿಟ್ಟ ಕೆಸರು ಕಂಡರೆ ಅಲ್ಲಿ ನೀರು ನಿಲ್ಲುತ್ತದೆ ಅಂತಲೇ ಅರ್ಥ.

ಎರಡನೆಯದು ಗುಂಡಿ ಪರೀಕ್ಷೆ. ನನಗೆ ಇದರ ಮೇಲೆ ನಂಬಿಕೆ ಜಾಸ್ತಿ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೋಡಿ. ತುಂಬ ನೀರು ಹಾಕಿ ರಾತ್ರಿಯಿಡೀ ಬಿಡಿ. ಒಣ ಮಣ್ಣು ಮೊದಲ ಸಲ ಬೇಗ ಕುಡಿಯುತ್ತದೆ, ಆ ಅಳತೆ ನಂಬುವಂಥದ್ದಲ್ಲ. ಬೆಳಗ್ಗೆ ಮತ್ತೆ ತುಂಬಿಸಿ. ಒಂದು ಸ್ಕೇಲನ್ನೋ ಗುರುತು ಹಾಕಿದ ಕೋಲನ್ನೋ ನೆಟ್ಟು ಗಂಟೆಗೊಮ್ಮೆ ನೋಡಿ. ಗಂಟೆಗೆ ಒಂದು ಇಂಚು ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ನಿಮ್ಮ ಮಣ್ಣು ನೀರು ಕುಡಿಯುತ್ತದೆ, ಇಂಗಿಸುವ ಉಪಾಯಗಳು ಕೆಲಸ ಮಾಡುತ್ತವೆ. ಅರ್ಧ ಇಂಚಿಗಿಂತ ಕಡಿಮೆಯಾದರೆ ಮೇಲ್ಮಣ್ಣಿನಲ್ಲಿ ಇಂಗಿಸುವ ಆಸೆ ಬಿಟ್ಟು, ನೀರನ್ನು ಹೊರಗೆ ಸಾಗಿಸುವ ಯೋಚನೆ ಮಾಡಬೇಕು. ಅಂಗಳದ ಎರಡು ಮೂರು ಕಡೆ ಇದನ್ನು ಮಾಡಿ. ಮನೆ ಕಟ್ಟುವಾಗ ಉಳಿದ ಇಟ್ಟಿಗೆ ಚೂರು, ಗಾರೆ, ಪ್ಲಾಸ್ಟಿಕ್ ಎಲ್ಲ ಒಂದು ಮೂಲೆಯಲ್ಲಿ ಹೂತಿರುವುದು ನಮ್ಮಲ್ಲಿ ಸಾಮಾನ್ಯ. ಅಲ್ಲಿ ಸಿಗುವ ಫಲಿತಾಂಶವೇ ಬೇರೆ.

ಮೂರನೆಯದು ಮಟ್ಟ ನೋಡುವುದು. ಪಾರದರ್ಶಕ ಪೈಪಿಗೆ ನೀರು ತುಂಬಿ ಮೇಸ್ತ್ರಿಗಳು ಮಟ್ಟ ಹಿಡಿಯುತ್ತಾರಲ್ಲ, ಅದೇ ಸಾಕು. ಮನೆಯ ಪಾಯದ ಮೇಲ್ಮಟ್ಟ, ಬಾಗಿಲ ಮೆಟ್ಟಿಲು, ಸಂಪಿನ ಮುಚ್ಚಳ, ಒಳಚರಂಡಿ ಛೇಂಬರ್, ಗೇಟು, ರಸ್ತೆ, ರಸ್ತೆ ಬದಿಯ ಚರಂಡಿ ಇವಿಷ್ಟರ ಎತ್ತರ ಒಂದು ಕಾಗದದಲ್ಲಿ ಬರೆದುಕೊಳ್ಳಿ. ರಸಮಟ್ಟ ಹತ್ತಿರದ ಅಳತೆಗೆ ಸರಿ, 20 ಅಡಿ ದೂರಕ್ಕೆ ಪೈಪೇ ವಾಸಿ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಟಾರಿನ ಮೇಲೆ ಟಾರು ಹಾಕಿ ರಸ್ತೆಯೇ ಅಂಗಳಕ್ಕಿಂತ ಎತ್ತರವಾಗಿರುತ್ತದೆ. ಅಲ್ಲಿ "ಗೇಟಿನ ಕಡೆ ಇಳಿಜಾರು ಕೊಟ್ಟುಬಿಡೋಣ ಸಾರ್" ಅನ್ನುವ ಮಾತು ನಡೆಯುವುದಿಲ್ಲ. ಅದನ್ನು ಕೆಲಸ ಶುರುವಾದ ಮೇಲೆ ತಿಳಿಯುವುದಕ್ಕಿಂತ ಮೊದಲೇ ತಿಳಿಯುವುದು ಒಳ್ಳೆಯದು.

ನಿಮ್ಮ ಮಣ್ಣು ಯಾವುದು?

ಕರ್ನಾಟಕದಲ್ಲಿ ಒಂದೇ ಸಲಹೆ ಎಲ್ಲ ಕಡೆಗೂ ಹೊಂದುವುದಿಲ್ಲ. ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ಬೆಂಗಳೂರಿನಲ್ಲಿ ಅದು ಸಾವಿರದ ಹತ್ತಿರ. ಮಂಗಳೂರಿನಲ್ಲಿ 3,500ಕ್ಕೂ ಜಾಸ್ತಿ, ಆಗುಂಬೆಯಲ್ಲಿ ಅದರ ಎರಡರಷ್ಟು. ಮಣ್ಣೂ ಹಾಗೆಯೇ ಬದಲಾಗುತ್ತದೆ.

ಬೆಂಗಳೂರು, ಕೋಲಾರ, ತುಮಕೂರು ಕಡೆಯ ಕೆಂಪು ಮಣ್ಣು ಸಾಮಾನ್ಯವಾಗಿ ನೀರು ಇಂಗಿಸುತ್ತದೆ. ಆದರೆ ಕೆರೆಯಂಗಳದಲ್ಲೋ ಗದ್ದೆಯಲ್ಲೋ ಎದ್ದ ಬಡಾವಣೆಯಾದರೆ ಕೆಳಗೆ ಜಿಗುಟು ಮಣ್ಣಿರುತ್ತದೆ, ಮೇಲೆ ಲಾರಿಯಲ್ಲಿ ತಂದು ಸುರಿದ ಮಣ್ಣು. ಸುರಿದ ಮಣ್ಣು ಒಂದೆರಡು ಮಳೆಗಾಲ ಕಳೆಯುವವರೆಗೂ ಇಳಿಯುತ್ತಲೇ ಇರುತ್ತದೆ. ಅಂಥ ಕಡೆ ಅವಸರ ಮಾಡದೆ ಒಂದು ಮಳೆಗಾಲ ಕಾಯುವುದು ಉತ್ತಮ.

ಧಾರವಾಡದಿಂದ ಕಲಬುರಗಿವರೆಗಿನ ಎರೆ ಮಣ್ಣಿನ ಕಥೆ ಬೇರೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆ ಬಿದ್ದರೆ ಉಬ್ಬುವುದು. ಉಬ್ಬಿದ ಮೇಲೆ ನೀರನ್ನು ಒಳಗೆ ಬಿಡುವುದೇ ಇಲ್ಲ. ಬಿರುಕು ಇರುವಾಗ ಗುಂಡಿ ಪರೀಕ್ಷೆ ಮಾಡಿದರೆ ನೀರು ಸರ್ರನೆ ಮಾಯವಾಗುತ್ತದೆ. ಅದನ್ನು ನಂಬಬೇಡಿ, ಮಣ್ಣು ಪೂರ್ತಿ ನೆನೆದ ಮೇಲೆ ಮಾಡಿ. ಇಲ್ಲಿ ಏನೇ ಹಾಸುವುದಾದರೂ ಒಂದೂವರೆ ಎರಡು ಅಡಿ ಎರೆ ಮಣ್ಣು ತೆಗೆದು ಗರಸು ತುಂಬಿ, ನೀರು ಹಾಕಿ ದಿಮ್ಮಸು ಹೊಡೆಯಬೇಕು. ಈ ಖರ್ಚು ಉಳಿಸಲು ಹೋದರೆ ಮೇಲಿನ ಯಾವ ಕಲ್ಲೂ ಸಮವಾಗಿ ನಿಲ್ಲುವುದಿಲ್ಲ.

ಕರಾವಳಿಯ ಮುರಕಲ್ಲಿನ (ಜಂಬಿಟ್ಟಿಗೆ) ನೆಲ ನೀರು ಚೆನ್ನಾಗಿ ಇಳಿಸುತ್ತದೆ. ಆದರೆ ಆಷಾಢದ ಹೊತ್ತಿಗೆ ಅಂತರ್ಜಲವೇ ಮೇಲೆ ಬಂದಿರುತ್ತದೆ, ಬಾವಿಯ ನೀರು ಕೈಗೆ ಸಿಗುವಂತಿರುತ್ತದೆ. ಏಪ್ರಿಲಿನಲ್ಲಿ ಗಂಟೆಗೆ ಮೂರು ಇಂಚು ಇಳಿದ ಗುಂಡಿ ಜುಲೈನಲ್ಲಿ ತುಂಬಿಕೊಂಡೇ ಇರಬಹುದು. ಅಲ್ಲಿ ಇಂಗುಗುಂಡಿಗಿಂತ (ಮಳೆನೀರು ಮಣ್ಣಿಗಿಳಿಯಲು ಜಲ್ಲಿ ತುಂಬಿದ ಗುಂಡಿ) ಇಳಿಜಾರು ಮತ್ತು ತೋಡಿಗೆ, ಅಂದರೆ ಹಳ್ಳಕ್ಕೆ, ಹೋಗುವ ಕಣಿ (ಸಣ್ಣ ಕಾಲುವೆ) ಮುಖ್ಯ.

ನೀರಿಗೆ ಯಾವ ದಾರಿ?

ಸುಲಭವಾದದ್ದು ಇಳಿಜಾರು. ಮನೆಯ ಗೋಡೆಯಿಂದ ಹೊರಗೆ, 10 ಅಡಿಗೆ ಒಂದೂವರೆಯಿಂದ ಎರಡು ಇಂಚು. ನಯವಾದ ಕಾಂಕ್ರೀಟಿಗೆ ಒಂದೂವರೆ ಸಾಕು, ಒರಟು ಕಲ್ಲಿಗೆ ಎರಡು ಬೇಕು. ಕುರ್ಚಿ ಹಾಕಿ ಕೂತರೆ ಈ ಇಳಿಜಾರು ಗೊತ್ತೇ ಆಗುವುದಿಲ್ಲ. ಕೊನೆಯಲ್ಲಿ ಜಾಲರಿ ಮುಚ್ಚಿದ ಕಾಲುವೆ ಮಾಡಿಸಿದರೆ ನೀರು ಒಂದೆಡೆ ಸೇರುತ್ತದೆ. ಜಾಲರಿ ಎತ್ತಿ ಗುಡಿಸಲು ಬರುವಂತಿರಲಿ, ಸಿಮೆಂಟಿನಲ್ಲಿ ಕೂರಿಸಿಬಿಟ್ಟರೆ ಮೊದಲ ಎಲೆ ಉದುರುವ ಕಾಲಕ್ಕೇ ಕಟ್ಟಿಕೊಳ್ಳುತ್ತದೆ.

ಎರಡನೆಯ ದಾರಿ ಇಂಗುಗುಂಡಿ. ಇಲ್ಲಿ ಒಂದು ತಪ್ಪು ಲೆಕ್ಕ ಎಲ್ಲೆಡೆ ನಡೆಯುತ್ತದೆ. 4 ಅಡಿ ಉದ್ದ, ಅಗಲ, ಆಳದ ಗುಂಡಿಯಲ್ಲಿ 1,800 ಲೀಟರ್ ಹಿಡಿಯುತ್ತದೆ ಅನ್ನುತ್ತಾರೆ. ಅದಕ್ಕೆ ಜಲ್ಲಿ ತುಂಬಿದ ಮೇಲೆ ನೀರಿಗೆ ಉಳಿಯುವುದು ಹೆಚ್ಚೆಂದರೆ ಐದರಲ್ಲಿ ಎರಡು ಪಾಲು, ಅಂದರೆ ಸುಮಾರು 700 ಲೀಟರ್. ಮೇಲಿನ ನಮ್ಮ ಅಂಗಳದ ಅರ್ಧ ಮಳೆಗಷ್ಟೇ ಸಾಕು. ಉಳಿದದ್ದಕ್ಕೆ ಹೊರದಾರಿ ಇರಲೇಬೇಕು.

ಜಾಗವೂ ಸ್ವಲ್ಪ ದುಡ್ಡೂ ಇದ್ದರೆ ಇಂಗುಬಾವಿ ನನ್ನ ಮೊದಲ ಆಯ್ಕೆ. ಬೆಂಗಳೂರಿನಲ್ಲಿ 3 ಅಡಿ ಅಗಲ, 20 ಅಡಿ ಆಳಕ್ಕೆ ತೋಡಿ ಸಿಮೆಂಟ್ ರಿಂಗ್ ಇಳಿಸುತ್ತಾರೆ. ಒಳಗೆ ಜಲ್ಲಿ ತುಂಬದಿದ್ದರೆ ಸುಮಾರು 4,000 ಲೀಟರ್ ಹಿಡಿಯುತ್ತದೆ. ಮೇಲ್ಮಣ್ಣು ಜಿಗುಟಾಗಿದ್ದರೂ ಕೆಳಗಿನ ಪದರ ನೀರು ಕುಡಿಯಬಹುದು. ಗುಂಡಿ ಪರೀಕ್ಷೆಯಲ್ಲಿ ಸೋತ ಅಂಗಳಕ್ಕೂ ಇದರಿಂದ ಉಪಯೋಗ ಆಗುವುದು ಅದಕ್ಕೇ. ತಲೆತಲಾಂತರದಿಂದ ಬಾವಿ ತೋಡುತ್ತ ಬಂದ ಮಣ್ಣು ವಡ್ಡರಿಗೆ ಯಾವ ಪದರ ಎಲ್ಲಿ ಸಿಗುತ್ತದೆ ಅನ್ನುವ ಅನುಭವ ಇದೆ. ಅವರನ್ನು ಕೇಳಿ, ಅವರ ಮಾತಿಗೆ ಬೆಲೆ ಕೊಡಿ. ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹ 2009ರಿಂದ ಕಡ್ಡಾಯ. ಹೊಸದಾಗಿ ಕಟ್ಟುವ 30x40 ಸೈಟಿನ ಮನೆಗೂ ಅದು ಅನ್ವಯಿಸುತ್ತದೆ. ಲೆಕ್ಕಕ್ಕೆ ತಾರಸಿಯ ಜೊತೆ ಹಾಸಿದ ಅಂಗಳವೂ ಬರುತ್ತದೆ. ಹೇಗೂ ಮಾಡಲೇಬೇಕಾದ ಕೆಲಸ, ಅಂಗಳ ಅಗೆದಿರುವಾಗಲೇ ಮಾಡಿಸಿಬಿಟ್ಟರೆ ಎರಡು ಸಲ ಒಡೆಯುವುದು ತಪ್ಪುತ್ತದೆ.

ಗುಂಡಿಯಾಗಲಿ ಬಾವಿಯಾಗಲಿ, ಮನೆಯ ಪಾಯದಿಂದ 10 ಅಡಿಯಾದರೂ ದೂರ ಇರಲಿ. ಕಾರು ತೊಳೆದ ಸೋಪಿನ ನೀರು, ಬಟ್ಟೆ ಒಗೆದ ನೀರು ಅದಕ್ಕೆ ಹೋಗಬಾರದು. ಮಳೆನೀರು ಕೂಡ ಮೊದಲು ಒಂದು ಸಣ್ಣ ಹೂಳು ತೊಟ್ಟಿಗೆ ಬಿದ್ದು ಆಮೇಲೆ ಒಳಗೆ ಹೋಗಲಿ.

ಕೆಲವರು ಅಂಗಳದ ನೀರನ್ನು ಒಳಚರಂಡಿಯ ಛೇಂಬರಿಗೆ ಸೇರಿಸಿಬಿಡುತ್ತಾರೆ. ದಯವಿಟ್ಟು ಇದನ್ನು ಮಾಡಬೇಡಿ. ಆ ಪೈಪು ಮನೆಯ ಕೊಳಕು ನೀರಿನ ಅಳತೆಗೆ ಹಾಕಿದ್ದು. ಮಳೆನೀರು ನುಗ್ಗಿದರೆ ತಗ್ಗಿನಲ್ಲಿರುವ ಯಾರದೋ ಬಚ್ಚಲಲ್ಲಿ ಹೊಲಸು ಉಕ್ಕುತ್ತದೆ. ಹಾಗೆ ಜೋಡಿಸುವುದು ನಿಯಮಕ್ಕೂ ವಿರುದ್ಧ. ಪಕ್ಕದವರ ಸೈಟಿಗೆ ನೀರು ತಿರುಗಿಸುವುದೂ ಅಷ್ಟೇ ತಪ್ಪು.

ಇನ್ನೊಂದು ದಾರಿ ಗಿಡಗಳ ಪಾತಿ. ಅಂಗಳದ ತಗ್ಗಿನ ಅಂಚಿನಲ್ಲಿ ಎರಡು ಮೂರು ಅಡಿ ಅಗಲ ಬಿಟ್ಟು, ಅದನ್ನು ನೆಲಕ್ಕಿಂತ ಅರ್ಧ ಅಡಿ ತಗ್ಗಿಸಿ, ಕೆಸು, ಕಾಬಾಳೆ, ಲಾವಂಚ ನೆಟ್ಟರೆ ಹರಿದು ಬಂದ ನೀರು ಅಲ್ಲೇ ನಿಂತು ಇಂಗುತ್ತದೆ. ಸಣ್ಣ ಹಿತ್ತಲಿಗೆ ಇದಕ್ಕಿಂತ ಚೆಂದದ ಉಪಾಯ ನನಗೆ ಗೊತ್ತಿಲ್ಲ.

ಈಗ ಹಾಸುವ ವಸ್ತು

ಇಂಟರ್‌ಲಾಕ್ ಬ್ಲಾಕ್ ಬಗ್ಗೆ ಒಂದು ನಂಬಿಕೆ ಇದೆ, ಸಂದಿಯಲ್ಲಿ ನೀರು ಇಳಿಯುತ್ತದೆ ಅಂತ. ಮಾಮೂಲಿ ಇಂಟರ್‌ಲಾಕಿನ ಸಂದಿ ತೀರಾ ಕಿರಿದು. ಅದರಲ್ಲಿ ಸಣ್ಣ ಮರಳು, ಕೆಳಗೆ ಕ್ವಾರಿ ಡಸ್ಟ್ ಹಾಕಿ ಗಟ್ಟಿ ಮಾಡಿದ ಹಾಸು. ಹೊಸದರಲ್ಲಿ ಸ್ವಲ್ಪ ಇಳಿಯುತ್ತದೆ, ಒಂದೆರಡು ವರ್ಷಕ್ಕೆ ಧೂಳು ಕೂತು ಸಂದಿ ಮುಚ್ಚುತ್ತದೆ. ಜೋರು ಮಳೆಗೆ ಹೆಚ್ಚಿನ ನೀರು ಮೇಲೆಯೇ ಹರಿಯುತ್ತದೆ. ಆದ್ದರಿಂದ ಇದಕ್ಕೂ ಕಾಂಕ್ರೀಟಿನಷ್ಟೇ ಇಳಿಜಾರು ಬೇಕು. ಇದರ ನಿಜವಾದ ಲಾಭ ಬೇರೆ. ಕೆಳಗಿನ ಪೈಪು ಒಡೆದರೆ ಬ್ಲಾಕ್ ಎತ್ತಿ ರಿಪೇರಿ ಮಾಡಿ ಮತ್ತೆ ಅದನ್ನೇ ಕೂರಿಸಬಹುದು. ನೆಲ ಅಲ್ಲಲ್ಲಿ ಕುಸಿದರೂ ಸರಿಪಡಿಸಬಹುದು. ಓಡಾಡುವ ಜಾಗಕ್ಕೆ 60 ಮಿ.ಮೀ., ಕಾರು ನಿಲ್ಲಿಸುವ ಕಡೆ 80 ಮಿ.ಮೀ. ದಪ್ಪದ್ದು ತೆಗೆದುಕೊಳ್ಳಿ. ಬ್ಲಾಕಿನ ಕೆಳಗಿನ ಮರಳು ಒಂದೂವರೆ ಇಂಚು ದಾಟಬಾರದು. ಹಳ್ಳ ಮುಚ್ಚಲು ನಾಲ್ಕೈದು ಇಂಚು ಮರಳು ತುಂಬುವುದನ್ನು ಕಂಡರೆ ಕೆಲಸ ನಿಲ್ಲಿಸಿ, ಏಕೆಂದರೆ ಕುಸಿಯುವುದು ಅಲ್ಲಿಂದಲೇ. ಸುತ್ತಲೂ ಕರ್ಬ್ ಕಲ್ಲು ಇಲ್ಲದಿದ್ದರೆ ಅಂಚಿನ ಸಾಲು ಹೊರಗೆ ಸರಿಯುತ್ತದೆ.

ನೀರು ಇಳಿಸಲೆಂದೇ ಮಾಡಿದ ಹಾಸು ಬೇರೆಯೇ ಇದೆ. ಬ್ಲಾಕಿನ ನಡುವೆ ಅಗಲ ಸಂದಿ, ಅದರಲ್ಲಿ 6 ಮಿ.ಮೀ. ಚಿಪ್ಸ್ (ಸಣ್ಣ ಕಲ್ಲಿನ ಚೂರು), ಕೆಳಗೆ ಪುಡಿ ಇಲ್ಲದ ತೊಳೆದ 20 ಮತ್ತು 40 ಮಿ.ಮೀ. ಜಲ್ಲಿ, ಮಣ್ಣಿಗೂ ಜಲ್ಲಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಕೆಂಪು ಮಣ್ಣಿನಲ್ಲಿ, ಗುಂಡಿ ಪರೀಕ್ಷೆ ಪಾಸಾದ ಕಡೆ ಇದು ತುಂಬ ಚೆನ್ನಾಗಿ ಕೆಲಸ ಮಾಡುತ್ತದೆ. ಎರೆ ಮಣ್ಣಿನಲ್ಲಿ ಮಾಡಿಸಬೇಡಿ. ಜಲ್ಲಿಯೊಳಗೆ ನೀರು ತೊಟ್ಟಿಯ ಹಾಗೆ ನಿಂತು ಕೆಳಗಿನ ಮಣ್ಣನ್ನು ಉಬ್ಬಿಸುತ್ತದೆ. ಮಾವು, ಹುಣಸೆ ಮರದ ಕೆಳಗೂ ಬೇಡ, ಎಲೆ ಕೊಳೆತು ಸಂದಿ ಕಟ್ಟುತ್ತದೆ.

ಕಾಂಕ್ರೀಟ್ 4 ಇಂಚು ದಪ್ಪಕ್ಕೆ ಹಾಕಿ, 8-10 ಅಡಿಗೊಂದು ಸಂದಿ ಬಿಟ್ಟರೆ ಗಟ್ಟಿಯಾಗಿ ನಿಲ್ಲುತ್ತದೆ. ಇಳಿಜಾರು ನಿಖರವಾಗಿ ಕೂರುತ್ತದೆ. ಅಡಿಕೆ, ಭತ್ತ, ಮೆಣಸು ಒಣಗಿಸುವ ಮನೆಗೆ ಸಂದಿ ಕಡಿಮೆ ಇರುವ ಈ ನೆಲವೇ ಅನುಕೂಲ. ಆದರೆ ಬಿದ್ದ ನೀರು ಹೆಚ್ಚು ಕಡಿಮೆ ಪೂರ್ತಿ ಹೊರಗೆ ಹರಿಯುತ್ತದೆ, ಹಾಗಾಗಿ ಹೊರದಾರಿ ಇಲ್ಲದ ಕಡೆ ಇದು ಬೇಡವೇ ಬೇಡ. ಮೇಲ್ಮೈಯನ್ನು ಪೊರಕೆ ಎಳೆದು ಒರಟು ಮಾಡಿಸಿ.

ಕಲ್ಲಿನ ವಿಷಯದಲ್ಲಿ ಯಾವ ಕಲ್ಲು ಅನ್ನುವುದಕ್ಕಿಂತ ಹೇಗೆ ಹಾಸುತ್ತೀರಿ ಅನ್ನುವುದು ದೊಡ್ಡದು. ಸಾದರಹಳ್ಳಿ ಗ್ರಾನೈಟನ್ನು ಗಾರೆಯ ಮೇಲೆ ಕೂರಿಸಿ ಸಂದಿಗೆ ಸಿಮೆಂಟ್ ತುಂಬಿದರೆ ಅದು ಕಾಂಕ್ರೀಟಿನ ಹಾಗೆಯೇ. ಅದೇ ಚಪ್ಪಡಿಯನ್ನು ಬೇಬಿ ಜಲ್ಲಿಯ (ಸಣ್ಣ ಜಲ್ಲಿ) ಮೇಲೆ ಒಂದೊಂದು ಇಂಚು ಸಂದಿ ಬಿಟ್ಟು ಕೂರಿಸಿ, ನಡುವೆ ಹುಲ್ಲೋ ಚಿಪ್ಸೋ ಹಾಕಿದರೆ ನೀರು ಇಳಿಯುತ್ತದೆ. ಚಪ್ಪಡಿ ಎರಡು ಇಂಚಿಗಿಂತ ತೆಳುವಾದರೆ ಈ ಬಗೆಯಲ್ಲಿ ಅಲುಗಾಡುತ್ತದೆ. ಉತ್ತರ ಕರ್ನಾಟಕದಲ್ಲಿ ಶಹಾಬಾದ್ ಪರಸಿ ಹತ್ತಿರದಲ್ಲೇ ಸಿಗುತ್ತದೆ, ಬಿಸಿಲಿಗೆ ಚೆನ್ನಾಗಿರುತ್ತದೆ. ಅದು ಸುಣ್ಣಕಲ್ಲು, ಕಲೆ ತೆಗೆಯಲು ಆಸಿಡ್ ಹಾಕಬೇಡಿ. ಹೊಳಪಿನ ಟೈಲ್ಸ್, ಪಾಲಿಶ್ ಗ್ರಾನೈಟ್ ಹೊರಗೆ ಬೇಡ. ವಯಸ್ಸಾದವರು ಇರುವ ಮನೆಯಲ್ಲಂತೂ ಯೋಚನೆಯೂ ಬೇಡ.

ಬರೀ ಜಲ್ಲಿ ಹರಡುವುದು ಅಗ್ಗ, ನೀರಿಗೂ ಒಳ್ಳೆಯದು. ಆದರೆ ಅಜ್ಜಿ ತಾತಂದಿರಿಗೆ, ಗಾಲಿಕುರ್ಚಿಗೆ, ಮಕ್ಕಳ ಸೈಕಲಿಗೆ ಕಷ್ಟ. ನಡೆಯುವ ಪಟ್ಟಿಗೆ ಕಲ್ಲು ಹಾಸಿ, ಉಳಿದ ಕಡೆ ಜಲ್ಲಿ ಬಿಡುವುದು ಒಳ್ಳೆಯ ರಾಜಿ.

ನನ್ನ ಆಯ್ಕೆ ಹೇಳಬೇಕೆಂದರೆ ಹೀಗೆ. ಬೆಂಗಳೂರಿನ ಕೆಂಪು ಮಣ್ಣಿನ ಸೈಟು, ರಸ್ತೆ ಎತ್ತರ ಇದ್ದರೆ ಸಂದಿ ಬಿಟ್ಟ ಕಲ್ಲು ಅಥವಾ ನೀರು ಇಳಿಸುವ ಬ್ಲಾಕ್, ಜೊತೆಗೆ ಇಂಗುಬಾವಿ. ಹುಬ್ಬಳ್ಳಿಯ ಎರೆ ಮಣ್ಣಿಗೆ ಗರಸು ತುಂಬಿದ ಮೇಲೆ ಮಾಮೂಲಿ ಇಂಟರ್‌ಲಾಕ್, ಒಳ್ಳೆಯ ಇಳಿಜಾರು, ಕಾಲುವೆ. ನೆಲ ಸ್ವಲ್ಪ ಆಡಿದರೂ ಬ್ಲಾಕ್ ತಡೆದುಕೊಳ್ಳುತ್ತದೆ, ಕಾಂಕ್ರೀಟ್ ಸೀಳುತ್ತದೆ. ಕರಾವಳಿ, ಮಲೆನಾಡಿನಲ್ಲಿ ಪಾಚಿಯೇ ದೊಡ್ಡ ಶತ್ರು. ಅಲ್ಲಿ ಒರಟು ಕಾಂಕ್ರೀಟ್ ಅಥವಾ ಒರಟು ಕಲ್ಲು, ಸ್ವಲ್ಪ ಜಾಸ್ತಿ ಇಳಿಜಾರು, ಮಾಡಿನ (ಹೆಂಚಿನ ಛಾವಣಿಯಂಥ ಇಳಿಜಾರು ಸೂರು) ನೀರು ಬೀಳುವ ಸಾಲಿನಲ್ಲಿ ಪ್ರತ್ಯೇಕ ಕಣಿ. ಮಾಡಿನ ನೀರು ನೇರ ಬ್ಲಾಕಿನ ಮೇಲೆ ಬಿದ್ದರೆ ಸಂದಿಯ ಮರಳು ಒಂದೇ ಮಳೆಗಾಲಕ್ಕೆ ಕೊಚ್ಚಿಹೋಗುತ್ತದೆ.

ಎತ್ತರದ ವಿಷಯದಲ್ಲಿ ರಾಜಿ ಬೇಡ

ಹಾಸಿದ ನೆಲದ ಮೇಲ್ಮಟ್ಟ ಮನೆಯ ಪಾಯದ ಮೇಲ್ಮಟ್ಟಕ್ಕಿಂತ ಅರ್ಧ ಅಡಿಯಾದರೂ ತಗ್ಗಿರಬೇಕು. ಹಳೆಯ ಸಿಮೆಂಟ್ ನೆಲದ ಮೇಲೆಯೇ ಹೊಸ ಬ್ಲಾಕ್ ಕೂರಿಸುವವರು ಇದನ್ನು ಮರೆಯುತ್ತಾರೆ. ಮೂರು ನಾಲ್ಕು ಇಂಚು ಏರಿತೆಂದರೆ ಗೋಡೆಗೆ ತೇವ ಹತ್ತುತ್ತದೆ.

ಸಂಪಿನ ಬಾಯಿಯ ಅಂಚು ಅಂಗಳಕ್ಕಿಂತ ನಾಲ್ಕರಿಂದ ಆರು ಇಂಚು ಮೇಲಿರಲಿ. ನೆಲಕ್ಕೆ ಸಮವಾಗಿ ಮುಚ್ಚಳ ಕೂರಿಸಿದರೆ ನೋಡಲು ಚೆಂದ, ಆದರೆ ಅಂಗಳದ ಕೊಳೆ ನೀರು ಕುಡಿಯುವ ನೀರಿಗೆ ಸೇರುತ್ತದೆ. ಒಳಚರಂಡಿ ಛೇಂಬರಿನ ಮುಚ್ಚಳದ ಮೇಲೆ ಕಲ್ಲು ಹಾಸಿ ಮುಚ್ಚಿಬಿಡಬೇಡಿ. ತೆಂಗು, ಮಾವಿನ ಸುತ್ತ ಮೂರು ನಾಲ್ಕು ಅಡಿ ಪಾತಿ ಬಿಡಿ, ಬೇರಿಗೂ ಉಸಿರಾಡಲು ಜಾಗ ಬೇಕು.

ಗುತ್ತಿಗೆ ಮಾತಾಡುವಾಗ ಚದರಡಿ ರೇಟಿನ ಜೊತೆ ನಾಲ್ಕು ಸಂಗತಿ ಬರೆಸಿಕೊಳ್ಳಿ: ಎಷ್ಟು ಆಳ ಅಗೆಯುತ್ತಾರೆ, ಕೆಳಗೆ ಏನು ಎಷ್ಟು ಇಂಚು ತುಂಬುತ್ತಾರೆ, ಇಳಿಜಾರು ಯಾವ ಕಡೆಗೆ ಎಷ್ಟು, ನೀರು ಕೊನೆಗೆ ಸೇರುವುದು ಎಲ್ಲಿಗೆ. ಇಬ್ಬರ ರೇಟಿನಲ್ಲಿ ದೊಡ್ಡ ವ್ಯತ್ಯಾಸ ಇದ್ದರೆ ಅದು ಸಾಮಾನ್ಯವಾಗಿ ಕಣ್ಣಿಗೆ ಕಾಣದ ಆ ಕೆಳಗಿನ ಪದರದಲ್ಲೇ ಇರುತ್ತದೆ. ಸುಮ್ನೆ ಕಡಿಮೆ ರೇಟಿನವರಿಗೆ ಕೊಟ್ಟುಬಿಡಬೇಡಿ.

ಕೆಲಸಕ್ಕೆ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಮಣ್ಣು ಒಣಗಿರುತ್ತದೆ, ಮುಂಗಾರಿಗೆ ಮುಂಚೆ ನೆಲ ಕೂರಲು ಸಮಯವಿರುತ್ತದೆ. ಮುಗಿದ ದಿನ ಪೈಪು ಹಿಡಿದು ಮನೆಯ ಗೋಡೆಯ ಕಡೆಯಿಂದ ನೀರು ಬಿಡಿ, ಅರ್ಧ ಗಂಟೆ ಬಿಟ್ಟು ಬಂದು ನೋಡಿ. ಎಲ್ಲಾದರೂ ಒಂದು ರೂಪಾಯಿ ನಾಣ್ಯ ಮುಳುಗುವಷ್ಟು ನೀರು ನಿಂತಿದ್ದರೆ ಸುಣ್ಣದಿಂದ ಗುರುತು ಮಾಡಿ ಮೇಸ್ತ್ರಿಗೆ ತೋರಿಸಿ. ಹತ್ತರಲ್ಲಿ ಒಂದು ಪಾಲು ದುಡ್ಡನ್ನು ಈ ಪರೀಕ್ಷೆ ಆದ ಮೇಲೆ ಕೊಡುತ್ತೇನೆ ಅಂತ ಮೊದಲೇ ಒಪ್ಪಿಸಿಕೊಂಡಿದ್ದರೆ ಯಾರಿಗೂ ಮನಸ್ತಾಪ ಇರುವುದಿಲ್ಲ.